‘ಸ್ಪೀಕರ್’ ಎಂದು ಬರೆದ ಚೀಟಿ

ಎಲ್ಲಿಂದ ಶುರುಮಾಡಲಿ? ಸ್ಪೀಕರ್ ಸತ್ತುಹೋದ ಶುಕ್ರವಾರದಿಂದಲೋ, ಮನೆಯಲ್ಲಿ ಮಾತು ನಿಂತುಹೋದ ಗುರುವಾರದಿಂದಲೋ? ‘ಮೌನವು ಮನೆಯ ಮೂರನೆಯ ಸದಸ್ಯನಂತೆ ಕೂತಿತ್ತು’ ಎಂದು ಬರೆದು ಹೊಡೆದುಹಾಕಿದೆ. (ಇಂಥ ವಾಕ್ಯ ಬರೆದಾಗಲೆಲ್ಲ ನನ್ನ ಮೇಲೆ ನನಗೇ ಕನಿಕರ.) ಹೋಗಲಿ, ಭಾನುವಾರ ಮಧ್ಯಾಹ್ನದಿಂದ ಶುರುವಾಗಲಿ.

೧

ಗಂಡ ಬೋರಲು ಮಲಗಿ ಶೆಲ್ಫಿನ ಹಿಂದೆ ಕೈಹಾಕಿದ್ದಾನೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಹನ್ನೊಂದು ವರ್ಷದಲ್ಲಿ ಒಬ್ಬರ ಚೀಟಿಯನ್ನು ಇನ್ನೊಬ್ಬರ ಸೀಸೆಗೆ ಅಂಟಿಸಿದವನಲ್ಲ. ಮನೆಯಲ್ಲೂ ಅದೇ ಚಾಳಿ: ಡಬ್ಬಿ, ಬೀಗದ ಕೈ, ಅಡಾಪ್ಟರ್, ಎಲ್ಲಕ್ಕೂ ಗುಂಡಗಿನ ಅಕ್ಷರದ ಬಿಳಿ ಚೀಟಿ.

ಸ್ಪೀಕರನ್ನು ಬೇರೆ ಸಾಕೆಟ್ಟಿಗೆ ಹಾಕಿದ. ದೀಪ ಹತ್ತಲಿಲ್ಲ. ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕಿದ, ಕಾಯಿತು. ಪಿನ್ ಒರೆಸಿ ಮತ್ತೆ ಚುಚ್ಚಿದ. ಊಹೂಂ. ಬಟನ್ ಒತ್ತಿ ಹಿಡಿದು ಹತ್ತರವರೆಗೆ ಎಣಿಸಿದ, ಹದಿನೈದರವರೆಗೂ ಎಣಿಸಿದ.

ಒಳಕೋಣೆಯಲ್ಲಿ ಹೆಂಡತಿ ಮೇಜಿನ ಲ್ಯಾಂಪಿನ ಬೆಳಕಲ್ಲಿ ಕೈಗಡಿಯಾರ ರಿಪೇರಿ ಮಾಡುತ್ತಿದ್ದಾಳೆ. ಗುರುವಾರ ಅವಳ ಅಣ್ಣ ಫೋನಿನಲ್ಲಿ ಮನೆಗೆ ಕರೆದಾಗ, ಇವನು ಅವಳನ್ನೊಂದು ಮಾತೂ ಕೇಳದೆ ಬರೋಕಾಗಲ್ಲ ಅಂದುಬಿಟ್ಟಿದ್ದ. ಅಂದಿನಿಂದ ಮಾತು ಬಂದ್. ಅಡುಗೆ, ಬಡಿಸುವುದು ಎಲ್ಲ ಸರಾಗ. ಒಂದು ಹಾಡಾದರೂ ಕೇಳುತ್ತಿದ್ದರೆ ಇನ್ನೂ ಒಂದು ವಾರ ಹೀಗೇ ನಡೆಯುತ್ತಿತ್ತೇನೋ.

೨ (ಕೈಬಿಟ್ಟ ಕರಡು)

ಸಿಟ್ಟಿಗೆ ಅವಳೇ ವೈರ್ ಕತ್ತರಿಸಿದಳು ಎಂದು ಬರೆದೆ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ ಅವಳು ನನ್ನತ್ತ ತಿರುಗಿದಳು.

“ಏನ್ ಸಾರ್, ಹೆಂಗಸಿಗೆ ಕೋಪ ಬಂದ್ರೆ ಕತ್ತರೀನೇ ಹಿಡೀಬೇಕಾ? ಬಿಚ್ಚಿದ್ದನ್ನ ಜೋಡಿಸೋದು ನನ್ ಕಸುಬು.”

ಮತ್ತೇನು ಬರೆಯಲಿ ಎಂದು ಕೇಳಿದೆ. ಮೊದಲು ಲ್ಯಾಂಪ್ ನೋಡಿ ಅಂದಳು. ನೋಡಿದೆ. ಶುಕ್ರವಾರದಿಂದ ಅದು ಕಣ್ಣು ಕುಕ್ಕುವಂತೆ ಉರಿಯುತ್ತಿದೆಯಂತೆ, ಮುಟ್ಟಿದರೆ ಚುರುಕ್ಕೆನ್ನುತ್ತದೆ. ಅವಳು ಯಾರಿಗೂ ಹೇಳದೆ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡಿದ್ದಾಳೆ. (ಕತೆಗಾರನಿಗೆ ಎಲ್ಲ ಗೊತ್ತಿರುತ್ತದೆ ಎಂದವರು ಯಾರೋ.)

೩

ಗುರುವಾರ ಸಂಜೆ ಸಿಟ್ಟು ಇಳಿಸಿಕೊಳ್ಳಲು ಇವನು ಶೆಲ್ಫ್ ಒರೆಸಿ, ಹಳದಿಯಾದ ಹಳೆಯ ಚೀಟಿಗಳನ್ನೆಲ್ಲ ಕಿತ್ತು ಹೊಸವನ್ನು ಅಂಟಿಸಿದ್ದ. ಮರುದಿನ ಬೆಳಿಗ್ಗೆ ಚೀಟಿ ನೋಡಿಕೊಂಡೇ ಒಂದು ಅಡಾಪ್ಟರನ್ನು ಸ್ಪೀಕರಿಗೂ ಇನ್ನೊಂದನ್ನು ಲ್ಯಾಂಪಿಗೂ ಚುಚ್ಚಿದ್ದ. ಈಗ ಗೋಡೆಯನ್ನು ಅನುಮಾನಿಸಿದ, ವೈರನ್ನು ಅನುಮಾನಿಸಿದ, ಕಂಪನಿಯನ್ನೂ ಬೈದ. ತನ್ನ ಅಕ್ಷರವನ್ನು ಮಾತ್ರ ಅನುಮಾನಿಸಲಿಲ್ಲ.

ಕೊನೆಗೆ ಅಡಾಪ್ಟರಿನ ಮೇಲಿನ ‘ಸ್ಪೀಕರ್’ ಚೀಟಿಯ ಅಂಚನ್ನು ಉಗುರಿನಿಂದ ಎಬ್ಬಿಸಿದ. ಅಡಿಯಲ್ಲಿ ಅಚ್ಚಾಗಿದ್ದದ್ದು ಒಂಬತ್ತು ವೋಲ್ಟ್. ಸ್ಪೀಕರಿಗೆ ಬೇಕಾದದ್ದು ಹನ್ನೆರಡು, ಒಂಬತ್ತು ಲ್ಯಾಂಪಿನದು.

ಅಡಾಪ್ಟರ್ ಹಿಡಿದುಕೊಂಡೇ ಒಳಕೋಣೆಯ ಬಾಗಿಲಿಗೆ ಬಂದು ನಿಂತ. ಮೂರು ದಿನದ ಮೇಲೆ ಮೊದಲ ಮಾತು.

“ಲ್ಯಾಂಪು ಜಾಸ್ತಿ ಉರೀತಿದ್ಯಾ?”

“ಶುಕ್ರವಾರದಿಂದ.”

“ಒಂದ್ಮಾತು ಹೇಳಬಾರದಾಗಿತ್ತಾ?”

“ನೀವು ಒಂದ್ಮಾತು ಕೇಳಬಾರದಾಗಿತ್ತಾ ರೀ?”

ಅವಳು ಲ್ಯಾಂಪಿನ ವಿಷಯ ಹೇಳುತ್ತಿಲ್ಲವೆಂದು ಅವನಿಗೆ ಗೊತ್ತಾಯಿತು.

೪

ಮುಕ್ತಾಯ ಒಂದು: ಅಡಾಪ್ಟರ್ ಅದಲುಬದಲಾಗುತ್ತವೆ. ಸ್ಪೀಕರ್ ಹಾಡುತ್ತದೆ, ಲ್ಯಾಂಪ್ ತಣ್ಣಗಾಗುತ್ತದೆ, ಅವನು ಹಾಲಿಗೆ ವಾಪಸ್. ಎಲ್ಲ ಸರಿಹೋಯಿತು, ಇನ್ನು ಮಾತಾಡುವ ಅಗತ್ಯವೇ ಇಲ್ಲ. (ಸ್ವಲ್ಪ ತಡೀರಿ ಎಂದು ಅವನೇ ನನ್ನ ಕೈ ಹಿಡಿದ.)

ಮುಕ್ತಾಯ ಎರಡು: ಭಾವನಿಗೆ ಫೋನ್ ಮಾಡಿ ತಪ್ಪಾಯಿತು ಅನ್ನುತ್ತಾನೆ, ಎಲ್ಲರೂ ನಗುತ್ತಾರೆ. (ಅಷ್ಟು ಅಗ್ಗಕ್ಕಾ, ಎಂದಳು ಅವಳು.)

ಅವಳು ಲ್ಯಾಂಪಿನ ಅಡಾಪ್ಟರ್ ಕಿತ್ತಳು. ಬಿಸಿಯದೂ ತಣ್ಣಗಿನದೂ ಮೇಜಿನ ಮೇಲೆ ಅಕ್ಕಪಕ್ಕ ಬಿದ್ದಿವೆ. ಯಾರೂ ಯಾವುದನ್ನೂ ಎತ್ತಿಕೊಳ್ಳಲಿಲ್ಲ. ಅವನು ಸ್ಟೂಲ್ ಎಳೆದು ಕೂತ.

“ನಿಮ್ಮಣ್ಣಂಗೆ ಯಾಕೆ ಹಾಗಂದೆ ಅಂತ ಹೇಳ್ತೀನಿ. ಕೇಳ್ತೀಯಾ?”

ಅವಳು ಭೂತಗನ್ನಡಿ ತೆಗೆದು ಕೆಳಗಿಟ್ಟಳು.

ಆಮೇಲೇನಾಯಿತು ಎಂದು ನನ್ನನ್ನು ಕೇಳಬೇಡಿ, ನಾನು ಹಾಲಿಗೆ ಬಂದಿದ್ದೇನೆ. ಕೈಯಲ್ಲೊಂದು ಬಿಳಿ ಚೀಟಿ ಇದೆ, ‘ಮುಕ್ತಾಯ’ ಎಂದು ಗುಂಡಗೆ ಬರೆದೂ ಇದ್ದೇನೆ. ಎಲ್ಲಿ ಅಂಟಿಸಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡು ನಿಂತಿದ್ದೇನೆ.