ನಾಲ್ಕು ಬಾಯಿಯ ಸೈಲೆನ್ಸರ್

"ಅದೇನೋ ಇಳಿಬಿದ್ದಂಗ ಕಾಣ್ಲಿಕ್ಕತ್ತದಲ್ಲೋ ದುಂಡೇಶ, ತಗಡು?"

ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತ ಕೌಸ್ತುಭ ಕೇಳಿದ. ಕೆಳಗೆ ಅಂಗಾತ ಮಲಗಿದ್ದ ದುಂಡೇಶನ ಮೂಗಿನ ನೇರಕ್ಕೆ ಆ ತಗಡಿತ್ತು. ಕಂಪನಿಯವರು ಹಳೆಯ ಸೈಲೆನ್ಸರಿನ ಅಡಿಗೆ ತೊಟ್ಟಿಲಿನ ಹಾಗೆ ಕಟ್ಟಿದ್ದ ತೆಳ್ಳನೆಯ ತಗಡು. ಹಳೆಯ ಸೈಲೆನ್ಸರ್ ಈಗ ಅಂಗಡಿಯ ಮೂಲೆ ಸೇರಿತ್ತು. ಅದರ ಜಾಗದಲ್ಲಿ ದುಂಡೇಶ ದಿನಗಟ್ಟಲೆ ಕೂತು ಬೆಸೆದ ದಪ್ಪ ಸ್ಟೀಲಿನ ಪೈಪು ಎರಡಾಗಿ ಕವಲೊಡೆದು, ಎಡಕ್ಕೆರಡು ಬಲಕ್ಕೆರಡು, ನಾಲ್ಕು ಬಾಯಿ ತೆರೆದು ಮಿಂಚುತ್ತಿತ್ತು.

"ಹೊಸಾ ಪೈಪ್ ದಪ್ಪ ಐತ್ರಿ ಡಾಕ್ಟರ. ತಗಡು ಕುಂಡ್ರವಲ್ದು."

"ಅದು ಯಾತಕ್ಕ ಇರ್ತದ?"

"ಬಿಸಿ ತಡ್ಯಾಕ್ರಿ."

"ತಗದ್ರ ನಡೀತದ?"

ದುಂಡೇಶ ತಗಡನ್ನು ಬೆರಳಿನಿಂದ ಒತ್ತಿ ನೋಡಿದ. ತಗಡನ್ನು ಬಿಚ್ಚಿ, ಬಡಿದು ಹಿಗ್ಗಿಸಿ ಮತ್ತೆ ಕಟ್ಟಬಹುದಿತ್ತು. ಆದರೆ ಅದು ಇನ್ನೂ ಕೆಳಗೆ ಜೋತುಬಿದ್ದು, ಹಿಂದಿನಿಂದ ನೋಡುವವರ ಕಣ್ಣಿಗೆ ಮೊದಲು ಅದೇ ಬೀಳುತ್ತಿತ್ತು. ಮಾಡಿದ ಕೆಲಸವೆಲ್ಲ ಆ ಒಂದು ಚೂರು ತಗಡಿನಿಂದ ಮಣ್ಣುಪಾಲು.

"ನಡೀತೈತ್ರಿ. ಕಂಪನ್ಯಾವ್ರು ಎಲ್ಲಾದಕ್ಕೂ ಒಂದೊಂದು ತಗಡು ಬಡದ ಬಿಟ್ಟಿರ್ತಾರ," ಎಂದು ಬೋಲ್ಟಿಗೆ ಪಾನಾ ಹಚ್ಚಿದ.

ಕೌಸ್ತುಭ ಜಮಖಂಡಿಯಲ್ಲಿ ಹಲ್ಲಿನ ಡಾಕ್ಟರ್. ಎರಡೇ ಬಾಗಿಲಿನ, ನೆಲ ಮುಟ್ಟುವಷ್ಟು ತಗ್ಗಾದ ಈ ಸ್ಪೋರ್ಟ್ಸ್ ಕಾರನ್ನು ಪುಣೆಯಲ್ಲಿ ಯಾರೋ ಓಡಿಸಿ ಬಿಟ್ಟದ್ದನ್ನು ಕೊಂಡು ತಂದಿದ್ದ. "ಮುಂದಿಂದ ನೋಡಿದ್ರ ಹುಲಿ, ಹಿಂದಿಂದ ನೋಡಿದ್ರ ನಮ್ಮಪ್ಪನ ಹಳೇ ಕಾರು. ಏನರೆ ಮಾಡಪಾ," ಎಂದು ಮುಧೋಳದ ಈ ವೆಲ್ಡಿಂಗ್ ಅಂಗಡಿಗೆ ಬಂದಿದ್ದ. ಟ್ರ್ಯಾಕ್ಟರ್ ಟ್ರೇಲಿ, ಕಿಟಕಿ, ಗೇಟು ಬೆಸೆಯುತ್ತಿದ್ದ ದುಂಡೇಶನಿಗೆ ಇಂಥ ಕೆಲಸ ಹಿಂದೆಂದೂ ಸಿಕ್ಕಿರಲಿಲ್ಲ.

ಕೆಲಸ ಮುಗಿದ ದಿನ ಕಾರಿನ ವಿಡಿಯೋ ಮಾಡಲು ಬಯಲು ಜಾಗ ಎಲ್ಲಿದೆ ಎಂದು ಕೌಸ್ತುಭ ಕೇಳಿದಾಗ, ದುಂಡೇಶನ ಬಾಯಿಂದ ಉತ್ತರ ತಡವಿಲ್ಲದೆ ಬಂತು.

"ರನ್ನ ಬೆಳಗಲಿಗೆ ಹೋಗೂಣ್ರಿ. ಕಬ್ಬು ಕಡದ ಹೊಲಾ, ಸಪಾಟ ಐತಿ. ನಮ್ಮಣ್ಣನ ಕುರಿ ಅಲ್ಲೇ ಇಳದಾವ. ಸಂಜಿಗೆ ಕುರಿ ಬರೂ ಮುಂದ ಕಾರು ನಿಲ್ಲಿಸಿದ್ರ ಭಾರಿ ಕಾಣತೈತ್ರಿ."

ಮನಸ್ಸಿನಲ್ಲಿದ್ದದ್ದು ವಿಡಿಯೋ ಅಲ್ಲ, ಅಣ್ಣ ಜಕ್ಕಪ್ಪ. ಮೀಸೆ ಮೂಡುವ ವಯಸ್ಸಿನಲ್ಲಿ ದುಂಡೇಶ ಕುರಿ ಬಿಟ್ಟು ವೆಲ್ಡಿಂಗ್ ಕಲಿಯಲು ಹೊರಟಾಗ ಜಕ್ಕಪ್ಪ ತಡೆದಿರಲಿಲ್ಲ. "ಕುರಿ ಕಾಯೋದಂದ್ರ ಜೀವಾ ಕಾಯೋದು. ನೀ ತಗಡ ಬೆಸದು ಏನ್ ಕಾಯ್ತಿ?" ಎಂದಷ್ಟೇ ಕೇಳಿದ್ದ. ಕುರಿಗಳ ಔಷಧಕ್ಕೆಂದು ಮುಧೋಳಕ್ಕೆ ಬಂದರೂ ಅಂಗಡಿಯ ಒಳಗೆ ಕಾಲಿಡುತ್ತಿರಲಿಲ್ಲ. ಹೆಗಲ ಮೇಲೆ ಕಂಬಳಿ ಹೊದ್ದು ರಸ್ತೆಯ ಮೇಲೆಯೇ ನಿಂತು ತಮ್ಮನ ಹೆಸರು ಹಿಡಿದು ಕೂಗಿ, ಎರಡು ಮಾತಾಡಿ ಹೋಗುತ್ತಿದ್ದ. ತಮ್ಮನ ಕೈಕೆಲಸವನ್ನು ಇಂದಿನವರೆಗೂ ಕಣ್ಣಿಟ್ಟು ನೋಡಿದವನಲ್ಲ.

ಹೊಲದ ಯಜಮಾನ ಯಲ್ಲಾಲಿಂಗಗೌಡ ಕಬ್ಬು ಕಡಿಸಿದ ಮೇಲೆ ರವದಿಗೆ ಬೆಂಕಿ ಇಡದೆ, ಒಣಗಿದ ಆ ಗರಿಗಳನ್ನು ಹೊಲದ ತುಂಬ ಹಾಸಿ ಬಿಟ್ಟಿದ್ದ. ಒಂದು ಮಗ್ಗುಲಿಗೆ ಕೊಂಚ ಜಾಗ ಬಳಿಸಿ, ಹಿಕ್ಕೆಯ ಗೊಬ್ಬರಕ್ಕೆಂದು ರಾತ್ರಿ ಹೊತ್ತು ಜಕ್ಕಪ್ಪನ ಕುರಿ ಅಲ್ಲಿ ತರುಬಿಸಿದ್ದ. ಹಗಲು ಕುರಿಗಳು ಮೇಯಲು ಹೋದಾಗ ಇನ್ನೂ ಹುಲ್ಲು ಕಚ್ಚದ ಎಳೆಮರಿಗಳು ಬಲೆಯ ದೊಡ್ಡಿಯೊಳಗೆ ಉಳಿಯುತ್ತಿದ್ದವು. ಅವುಗಳ ಕಾವಲಿಗೆ ಜಕ್ಕಪ್ಪನ ಹೆಂಡತಿ ಸಾತವ್ವ.

"ಹಿಂದಿನ ಮಗ್ಗಲಾ ದಾರಿ ಕಡೆ ಇರ್ಲಿರಿ. ಅಣ್ಣ ಈ ದಾರಿಲೇ ಬರತಾನ," ಎಂದು ದುಂಡೇಶ ಕೈ ಮಾಡಿ ಮಾಡಿ ಕಾರನ್ನು ರವದಿಯ ಮೇಲೆ ನಿಲ್ಲಿಸಿದ. ಇಳಿಬಿಸಿಲು ಪೈಪುಗಳ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು.

ಸಾತವ್ವ ಸೆರಗಿನ ತುದಿಯ ಗಂಟು ಬಿಚ್ಚಿ, ಬೀರಪ್ಪ ದೇವರ ಭಂಡಾರದ ಅರಿಸಿನ ತೆಗೆದು ಕಾರಿಗೆ ಹಚ್ಚಿದಳು. ಹಿಂದೆ ಬಂದು ಪೈಪುಗಳನ್ನು ನೋಡಿ ಕೆನ್ನೆಗೆ ಕೈಯಿಟ್ಟಳು.

"ಇದಕ್ಕ ನಾಕ ಬಾಯಿ ಯಾಕೋ ದುಂಡಪ್ಪಾ? ಒಂದ ಬಾಯಿಗೆ ಹಾಕೂದ್ರಾಗ ನಾವ ಹೈರಾಣ ಆಗೇವಿ."

"ಇವು ಉಣ್ಣೂ ಬಾಯಿ ಅಲ್ಲ ವೈನಿ, ಉಗಳೂ ಬಾಯಿ."

"ಹಂಗಾರ ನಮ್ಮ ಮಾವನ ಬಾಯಿ ಅನ್ನು. ಎಲಿ ಅಡಕಿ ಹಾಕ್ಕೊಂಡು ದಿನಾ ಪೂರಾ ಅದನ್ನ ಮಾಡ್ತಿದ್ದ," ಎಂದು ನಗುತ್ತಾ ಒಲೆಯ ಕಡೆ ನಡೆದಳು. ಒಲೆ ಇದ್ದದ್ದು ಒಡ್ಡಿನ ಮೇಲೆ, ಸುತ್ತ ಒಂದು ಗರಿಯೂ ಉಳಿಯದ ಹಾಗೆ ಅವಳೇ ಗುಡಿಸಿಟ್ಟ ನೆಲದಲ್ಲಿ. ಬಂದವರನ್ನು ಬರಿಗೈಯಲ್ಲಿ ಕಳಿಸುವುದುಂಟೆ ಎಂದು ಕುರಿಯ ಹಾಲಿನ ಚಹಾಕ್ಕೆ ಉರಿ ಹಚ್ಚಿದಳು.

ಕೌಸ್ತುಭ ಮೊಬೈಲನ್ನು ಕೋಲಿಗೆ ಸಿಕ್ಕಿಸಿ ಇಟ್ಟು, ಒಳಗೆ ಕುಳಿತು ಎಂಜಿನ್ನನ್ನು ಗುರ್ರೆನ್ನಿಸಿದ. ಬಲೆಯೊಳಗಿನ ಮರಿಗಳು ಒಂದರ ಮೇಲೊಂದು ಏರಿ ಬಿದ್ದವು.

"ಬ್ಯಾಡ್ರೀಯಪ್ಪಾ, ಮರಿ ಬೆದರಾಕತ್ತಾವ!" ಎಂದು ಸಾತವ್ವ ಕೂಗಿದಾಗ ಅವನು ಕಾಲು ತೆಗೆದು, ಎಂಜಿನ್ ಆರಿಸದೆಯೇ ಇಳಿದು ಬಂದ. ಒಳ್ಳೆಯ ಮನುಷ್ಯ. ಚಹಾ ಕುಡಿದು, "ಛಲೋ ಆಗೇದರಿ ಅಕ್ಕಾರ," ಎಂದು ಇನ್ನೊಂದು ಲೋಟ ಕೇಳಿದ. ಸಾತವ್ವ ಒಲೆಗೆ ನೀರು ಹೊಯ್ದು ಅವನಿಗೆ ಚಹಾ ಬಗ್ಗಿಸಿದಳು.

"ಕಾರು ಬಂದ್ ಮಾಡಿ ಬರ್ತೇನಿ ತಡಿ," ಎಂದು ಕೌಸ್ತುಭ ಎದ್ದ.

ಅಷ್ಟರಲ್ಲಿ ದೂರದಿಂದ ಜಕ್ಕಪ್ಪನ ದನಿ ಕೇಳಿಸಿತು. ಕುರಿ ಹೊಡೆದುಕೊಂಡು ಬರುವಾಗ ಅವನು ಯಾವಾಗಲೂ ಬೀರಪ್ಪನ ಪದ ಹಾಡುತ್ತಿದ್ದ, ಡೊಳ್ಳಿಲ್ಲದಿದ್ದರೂ ಡೊಳ್ಳಿನ ಪೆಟ್ಟಿಗೆ ಸರಿಯಾಗಿ.

"ಇರ್ಲಿ ಬಿಡ್ರಿ ಡಾಕ್ಟರ. ಅಣ್ಣ ಬರೂ ಹೊತ್ತಾತು. ಅಂವಾ ಬರೂ ಮುಂದ ಗಾಡಿ ಚಾಲೂನ ಇರಬೇಕು," ಎಂದ ದುಂಡೇಶ. ಕೌಸ್ತುಭ ಮತ್ತೆ ಕುಳಿತ.

ಕಾರಿನ ಅಡಿಯಿಂದ ಎದ್ದ ಹೊಗೆಯನ್ನು ಮೊದಲು ಕಂಡವನು ದುಂಡೇಶನೇ. ಹೊಸ ಪೈಪು ಕಾದಿರಬೇಕು ಎಂದುಕೊಂಡ. ಹೊಗೆ ಬಿಳಿಯಿದ್ದದ್ದು ಹಳದಿಯಾಯಿತು. ತಗಡು ಇರಬೇಕಾದ ಕಡೆ, ಪೈಪು ರವದಿಗೆ ತಾಗುವ ಹಾಗಿದ್ದ ಕಡೆ, ಬೆಂಕಿಯ ಒಂದು ನಾಲಗೆ ಹೊರಳಿ ಹೊರಗೆ ಬಂತು. ಚಟಚಟನೆ ಸದ್ದು ಎದ್ದಿತು.

"ಕಾರು! ಕಾರು ತಗೀರಿ!"

ಅವನು ಕಾರಿನ ಕಡೆ ಓಡಿದ. ಕೌಸ್ತುಭನೂ ಓಡಿದ. ಪೈಪಿನ ಕೆಳಗಿನ ಉರಿಯುವ ಗರಿಗಳನ್ನು ದುಂಡೇಶ ಬರಿಗೈಯಲ್ಲಿ ಎಳೆದೆಳೆದು ಹಿಂದಕ್ಕೆ ಎಸೆದ. ಕಾರು ಜಿಗಿದು ದಾರಿಯ ಮಣ್ಣಿನ ಮೇಲೆ ಹೋಗಿ ನಿಂತಿತು. ಅದಕ್ಕೆ ಏನೂ ಆಗಿರಲಿಲ್ಲ. ದುಂಡೇಶ ಉಸಿರು ಬಿಟ್ಟು ತಿರುಗಿದಾಗ ಗಾಳಿ ಅವನು ಎಸೆದ ಬೆಂಕಿಯನ್ನು ಮರಿಗಳ ದೊಡ್ಡಿಯ ಮಗ್ಗುಲಿಗೆ ಒಯ್ದಿತ್ತು. ಅಲ್ಲಿ ಸಾತವ್ವ ಬಲೆಯ ಗೂಟ ಕೀಳಲಾಗದೆ, ಕೈಗೆ ಸಿಕ್ಕ ಮರಿಗಳನ್ನು ಬಗಲಲ್ಲಿ ಅವುಚಿ ಒಡ್ಡಿನಾಚೆ ಎಸೆಯುತ್ತಿದ್ದಳು. ಪ್ಲಾಸ್ಟಿಕ್ಕಿನ ಬಲೆ ಕರಗಿ ಮರಿಗಳ ಮೇಲೆ ಕುಸಿಯಿತು. ಅವುಗಳ ಕೂಗು ಬಹಳ ಹೊತ್ತು ಇರಲಿಲ್ಲ. ದೂರದ ಹಾಡೂ ನಿಂತಿತ್ತು.

ಜನ ಓಡಿ ಬಂದರು. ಪಂಪಿನ ನೀರು ಬಿಟ್ಟು ಪಕ್ಕದಲ್ಲಿ ನಿಂತಿದ್ದ ಕಬ್ಬನ್ನು ಅರ್ಧಂಬರ್ಧ ಉಳಿಸಿಕೊಂಡರು. ಜಕ್ಕಪ್ಪ ಕುರಿಗಳನ್ನು ಒಡ್ಡಿನಾಚೆಯೇ ನಾಯಿಯ ಕಾವಲಿಗೆ ತಡೆದು ಬಂದು, ಕಪ್ಪು ಹೊಲದ ನಡುವೆ ನಿಂತ. ಯಲ್ಲಾಲಿಂಗಗೌಡ ಮೈಯೆಲ್ಲ ಮಸಿಯಾಗಿ ಏದುಸಿರು ಬಿಡುತ್ತಿದ್ದ.

"ರವದ್ಯಾಗ ಒಲಿ ಹಚ್ಚಬ್ಯಾಡ್ರಿ ಅಂತ ಬಾಯಿ ಬಡಕೊಂಡಿದ್ನೆಲ್ಲೋ ಜಕ್ಕಪ್ಪಾ!"

"ಒಲಿ ಒಡ್ಡಿನ ಮ್ಯಾಲ ಐತ್ರಿ ಗೌಡ್ರ," ಎಂದ ಜಕ್ಕಪ್ಪ.

"ಮ್ಯಾಲಿದ್ರ ಕಿಡಿ ಹಾರಂಗಿಲ್ಲೇನು?"

"ನಮಗ ಚಾ ಮಾಡ್ಲಿಕ್ಕ ಹಚ್ಚಿದ್ರು," ಎಂದ ಕೌಸ್ತುಭ. "ಗಾಳಿ ಇತ್ತು. ಕಿಡಿ ಹಾರಿರಬೇಕು. ಅಲ್ಲೇನು ದುಂಡೇಶ?"

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ಚಹಾದ ಲೋಟ ಹಿಡಿದು ಆಚೆ ನೋಡುತ್ತಿದ್ದ. ಬೆಂಕಿ ಎಲ್ಲಿಂದ ಎದ್ದಿತೆಂದು ನೋಡಿದವನು ದುಂಡೇಶ ಒಬ್ಬನೇ. ಎಲ್ಲರ ಮುಖವೂ ಅವನ ಕಡೆ ತಿರುಗಿತು. ಅವನು ಸುಟ್ಟ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತ. ಆ ಮೌನವನ್ನು ಎಲ್ಲರೂ ಹೌದು ಎಂದೇ ತಿಳಿದರು.

"ನಾ ನೀರ ಹಾಕಿದ್ದೆ," ಎಂದಳು ಸಾತವ್ವ, ಯಾರಿಗೂ ಅಲ್ಲದ ಹಾಗೆ. "ಹಾಕಿದ್ದೆ ಅನಸ್ತೈತಿ... ಇಲ್ಲೋ ಏನೋ. ಆ ಡಾಕ್ಟರಗ ಚಾ ಬಗ್ಗಸಾಕ ಹೋದೆ. ಹಾಕಿದ್ನೋ ಇಲ್ಲೋ ಎವ್ವಾ." ಹಣೆ ಹಣೆ ಬಡಿದುಕೊಂಡಳು.

"ಬೆಳಗಾಗೂದ್ರಾಗ ಇಲ್ಲಿಂದ ಎದ್ದು ಹೋಗ್ರಿ. ಇನ್ನ ಮ್ಯಾಲ ಈ ಕಡೆ ಯಾರ ಹೊಲದಾಗೂ ನಿಮ್ಮ ಕುರಿ ತರಬಂಗಿಲ್ಲ, ನಾ ನೋಡ್ಕೋತೇನಿ," ಎಂದು ಗೌಡ ಜನರನ್ನು ಕರೆದುಕೊಂಡು ಊರ ಕಡೆ ಹೊರಟ. ಕೌಸ್ತುಭ ಕೈ ಮುಗಿದು ಕಾರು ಹತ್ತಿದ.

ಕಾರು ದಾರಿಗೆ ಬಿದ್ದಾಗ ಹಿಂದಿನ ದೀಪಗಳ ಕೆಂಪು ಪೈಪುಗಳ ಮೇಲೆ ಹರಿದಾಡಿತು. ಮಸಿ ಹತ್ತಿದರೂ ಹೊಳಪು ಹೋಗಿರಲಿಲ್ಲ. ಜಕ್ಕಪ್ಪ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ.

"ಅದನ್ನ ತೋರಸಾಕ ಬಂದಿದ್ದೇನು?"

"ಹೂಂ."

ಜಕ್ಕಪ್ಪ ಮತ್ತೇನೂ ಕೇಳಲಿಲ್ಲ. ಅವನು ಕೇಳಿದ್ದರೆ, ಬೈದಿದ್ದರೆ, ದುಂಡೇಶನಿಗೆ ಬಾಯಿ ತೆರೆಯುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ.

"ಅಣ್ಣಾ, ಬೆಂಕಿ ಒಲಿದಲ್ಲ. ಕಾರಿನ ಬುಡಕಿಂದ ಎದ್ದದ್ದು. ನಾ ಕಂಡೇನಿ. ಬಿಸಿ ತಡ್ಯಾಕ ಒಂದ ತಗಡ ಇತ್ತು... ನಾನ ತಗದಿದ್ದೆ. ಛಂದ ಕಾಣಲಿ ಅಂತ."

ಜಕ್ಕಪ್ಪ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು ಮತ್ತೆ ಸುತ್ತಿಕೊಂಡ.

"ಗೌಡ್ರು ಇದ್ದಾಗ ಯಾಕ ಅನಲಿಲ್ಲ?"

ದುಂಡೇಶ ಊರ ದಾರಿಯ ಕಡೆ ಮುಖ ತಿರುಗಿಸಿದ.

"ಇಷ್ಟೊತ್ತಿಗೆ ಊರಾಗ ಅಕಿ ಹೆಸರ ಓಡ್ಯಾಡಾಕತ್ತಿರತೈತಿ," ಎಂದು ಜಕ್ಕಪ್ಪ ಸಾತವ್ವ ಕುಳಿತಿದ್ದ ಕಡೆ ನೋಡಿದ.

"ನಾಳಿ ಹೋಗಿ ಹೇಳ್ತೇನಿ ಅಣ್ಣಾ."

"ನಾಳಿ ನಾವ ಇಲ್ಲಿ ಇರಂಗಿಲ್ಲ," ಎಂದು ಜಕ್ಕಪ್ಪ ಒಡ್ಡಿನ ಕಡೆ ನಡೆದ. ನಾಲ್ಕು ಹೆಜ್ಜೆ ಹೋಗಿ, ತಿರುಗದೆಯೇ ಹೇಳಿದ, "ಅಕಿಗರೆ ಹೇಳು."

ಅವನು ನಾಯಿಯನ್ನು ಕರೆದ. ತಡೆದು ನಿಲ್ಲಿಸಿದ್ದ ಕುರಿಗಳು ಒಮ್ಮೆಲೆ ಒಡ್ಡು ದಾಟಿ ನುಗ್ಗಿದವು. ದಿನವೂ ಬರುವ ಹೊತ್ತು, ದಿನವೂ ಮರಿಗಳು ಕೂಗುವ ಹೊತ್ತು. ಒಂದೊಂದೂ ತನ್ನ ತನ್ನ ದನಿಯಲ್ಲಿ ಕರೆಯುತ್ತ, ಬಿಸಿ ಆರದ ಬೂದಿಯ ಮೇಲೆ ಕಾಲೆತ್ತಿ ಕಾಲೆತ್ತಿ ಇಡುತ್ತ ಸುತ್ತಿದವು. ಬದುಕಿ ಉಳಿದ ಕೆಲವು ಮರಿಗಳಿಗೆ ತಾಯಿಕುರಿಗಳು ಸಿಕ್ಕವು. ಮಿಕ್ಕ ತಾಯಿಕುರಿಗಳು ಕೂಗುತ್ತಲೇ ಇದ್ದವು.

ಸಾತವ್ವ ಎದ್ದಳು. ಮರಿ ಕುಡಿಯದೆ ಹಾಲು ನಿಂತರೆ ಕೆಚ್ಚಲು ಕಲ್ಲಾಗುತ್ತದೆ. ಒಂದು ಕುರಿಯ ಹಿಂಗಾಲು ಹಿಡಿದು ಎಳೆದು, ಮಂಡಿಯೂರಿ ನೆಲಕ್ಕೇ ಹಿಂಡತೊಡಗಿದಳು.

ದುಂಡೇಶ ಅವಳ ಎದುರು ಕುಕ್ಕರಿಸಿದ.

"ವೈನಿ, ಬೆಂಕಿ ನಿಮ್ಮ ಒಲಿದಲ್ಲ. ನೀವು ನೀರ ಹಾಕಿದ್ರಿ. ನಾ ಕಂಡೇನಿ. ಬೆಂಕಿ ನಂದು."

ಅವಳ ಕೈ ನಿಲ್ಲಲಿಲ್ಲ. ತಲೆ ಎತ್ತಲೂ ಇಲ್ಲ. ಆ ಕುರಿಯನ್ನು ಬರಿದು ಮಾಡಿ ಬೆನ್ನು ತಟ್ಟಿ ಬಿಟ್ಟಳು. ಮುಂದಿನ ಕುರಿ ಕೈಗೆ ಸಿಗದೆ, ಬಲೆ ಇದ್ದ ಜಾಗಕ್ಕೆ ಓಡಿ ಓಡಿ ಹೋಗುತ್ತಿತ್ತು.

"ಅದನ್ನ ಹಿಡಿ," ಎಂದಳು.

ದುಂಡೇಶ ಬೊಬ್ಬೆಯೆದ್ದ ಅಂಗೈಗಳಲ್ಲಿ ಅದರ ಕೊರಳನ್ನು ಅಪ್ಪಿ ಹಿಡಿದ. ಕುರಿ ಅವನ ಹೆಗಲ ಮೇಲಿಂದ ಕತ್ತು ಚಾಚಿ ಆಚೆಗೇ ನೋಡುತ್ತ ಕರೆಯುತ್ತಿತ್ತು. ಕೆಳಗೆ ಹಾಲಿನ ಎಳೆಗಳು ಬೂದಿಯ ಮೇಲೆ ಸಣ್ಣ ಸಣ್ಣ ಕುಳಿ ಮಾಡುತ್ತ ಬಿದ್ದು, ಒಂದು ಗಳಿಗೆ ಬೆಳ್ಳಗೆ ನಿಂತು, ಇಂಗಿ ಹೋಗುತ್ತಿದ್ದವು.