ಚಿಲುಮಿಯೊಳಗಿನ ಹರಳು

ಬಸ್ಸಿನ ಕಿಟಕಿಯಿಂದ ಬೀಡಿಯದೋ ಕಸ ಸುಟ್ಟದ್ದೋ ಒಂದೆಳೆ ಹೊಗೆ ಬಂದು ಮೂಗಿಗೆ ತಾಕಿ ಹೋಯಿತು, ಅವ್ವ ಇಲ್ಲೇ ಎಲ್ಲೋ ಕೂತಿದ್ದಾಳೆ ಅಂತ ಕಪಿಲನ ತಲೆ ತಾನಾಗಿ ಆ ಕಡೆ ತಿರುಗಿತು — ಎಲ್ಲಿ ಕೂಡುತ್ತಾಳೆ, ಮೊನ್ನೆಯೇ ಕಮಲಾಪುರದ ಮಣ್ಣಿಗೆ ಇಟ್ಟಾಯಿತಲ್ಲ, ಇವತ್ತು ಮೂರನೇ ದಿನ, ಹಾಲು ಬಿಡುವ ದಿನ, ಈ ಬಸ್ಸು ನೋಡಿದರೆ ಇನ್ನೂ ಕಲಬುರಗಿಯ ರಿಂಗ್ ರೋಡನ್ನೇ ದಾಟಿಲ್ಲ, ಕಂಡಕ್ಟರ್ ಹುಮ್ನಾಬಾದ್, ಹುಮ್ನಾಬಾದ್ ಅಂತ ಕೂಗುತ್ತಲೇ ಇದ್ದಾನೆ. ಅಂಗಿಯ ಜೇಬಿನಲ್ಲಿ ಅವಳು ತಂಬಾಕು ಸೇದುತ್ತಿದ್ದ ಮಣ್ಣಿನ ಚಿಲುಮಿ, ಗೇಣುದ್ದವೂ ಇಲ್ಲ, ಎದೆಗೆ ಒತ್ತುತ್ತಿದೆ. ಬಿಸಿಲು ಏರೋದ್ರಾಗ ಬಾ ಅಂದಿದ್ದಾನೆ ದೌಲಪ್ಪಮಾಮ, ಅವ್ವನ ತಮ್ಮ, ಅಕ್ಕಗ ಸೇರತಿದ್ದದ್ದೆಲ್ಲ ಗೋರಿ ಮುಂದ ಇಡಬೇಕು, ಚಿಲಿಮಿ ಮಾತ್ರ ಮಗನ ಕೈಲೇ ಹಚ್ಚಿ ಕೊಡಬೇಕು. ಕೊಡಬಹುದು, ಕೊಡದೆ ಏನು, ಆದರೆ ಒಳಗೆ ಹರಳಿಲ್ಲ. ಹರಳಿಲ್ಲದ ಚಿಲುಮಿ ಬರೀ ಒಂದು ತೂತು, ಮೇಲೆ ತುಂಬಿದ ತಂಬಾಕು ಕೆಳಗೆ ಬಾಯಿಗೇ ಬೀಳುತ್ತದೆ, ನಡುವೆ ಕಡಲೆಕಾಳಿನಷ್ಟು ಒಂದು ಕಲ್ಲು ಸಿಕ್ಕಿಕೊಂಡು ಕೂತಿರಬೇಕು, ತಂಬಾಕು ತಡೆದು ಹೊಗೆಯನ್ನಷ್ಟೇ ಬಿಡಬೇಕು. ಇಷ್ಟು ಸಣ್ಣ ಸಂಗತಿ, ಊರ ಮಂದಿಯ ರಕ್ತ ಕಫ ತಪಾಸಣೆ ಮಾಡಿ ಸಹಿ ಹಾಕುವ ಮನುಷ್ಯನಿಗೆ ಗೊತ್ತಿರಲಿಲ್ಲ. ಥೂ, ನಲವತ್ತೊಂದು ವರ್ಷ ಏನು ನೋಡಿದೆ ನೀನು.

ಕಣ್ಣಿನ ಪೊರೆ ತೆಗೆಸಲು ಕಲಬುರಗಿಯ ಇವನ ಮನೆಗೆ ಬಂದಿದ್ದಳು, ಎಂಟು ತಿಂಗಳ ಹಿಂದೆ, ಒಂದು ಕಣ್ಣಿಗೆ ಹಸಿರು ಪಟ್ಟಿ, ಹಿತ್ತಲ ಮೆಟ್ಟಿಲ ಮೇಲೆ ಒಣಹಾಕಿದ ಸೀರೆಗಳ ಕೆಳಗೆ ಕೂತು ಎರಡು ಅಂಗೈ ಕೂಡಿಸಿ ಚಿಲುಮಿ ಹಿಡಿದು ಎಳೆಯುತ್ತಿದ್ದಳು, ಬುಡಕ್ಕೆ ಸುತ್ತಿದ ಒದ್ದೆ ಬಟ್ಟೆಯ ಚೂರು, ಕೆಮ್ಮು, ಆಮೇಲೆ ಒಂದು ಸಮಾಧಾನದ ಉಸಿರು. ಅವನಿಗೆ ಆ ಚಿಲುಮಿಯ ಕಪ್ಪು ಕಂಡರೆ ಮೈ ಜುಮ್ಮೆನ್ನುತ್ತಿತ್ತು, ನಾಚಿಕೆಯೂ ಇತ್ತು, ಇರಲಿಲ್ಲ ಅಂತ ಈಗ ಯಾರಿಗೆ ಸುಳ್ಳು ಹೇಳುವುದು, ಮೇಲಿನ ಮನೆಯವರು ಇಣುಕಿ ನೋಡುತ್ತಿದ್ದರು. ಆದರೆ ಪ್ರೀತಿಯೂ ಇತ್ತು, ಪ್ರೀತಿಯಿಂದಲೇ ಲ್ಯಾಬಿನಿಂದ ಕೊಳವೆ ತೊಳೆಯುವ ಬ್ರಷ್ ತಂದದ್ದು, ಬಿಸಿನೀರು, ಸೋಡಾ ಪುಡಿ, ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕೂತು ತಿಕ್ಕಿದ್ದೇ ತಿಕ್ಕಿದ್ದು. ಚಿಲುಮಿಯನ್ನು ಅಂಗೈಗೆ ಬಡಿದಾಗ ಒಳಗಿಂದ ಕಪ್ಪನೆಯದೊಂದು ಬಿತ್ತು, ಕಿಟ್ಟ ಅಂದುಕೊಂಡ, ಅದು ಬಚ್ಚಲ ಜಾಲರಿಯ ಮೇಲೆ ಉರುಳಿ ಒಂದು ಸುತ್ತು ಹಾಕಿ ನಿಂತಿತು, ಅವನು ಕಾಲಬೆರಳಿನಿಂದ ನೂಕಿದ. ಟಿಣ್ ಅಂತು, ಅಷ್ಟೇ. ತಲೆ ಎತ್ತಿದರೆ ಬಾಗಿಲಲ್ಲಿ ಅವ್ವ, ಅವಳ ಬಲಗೈ ಅರ್ಧಕ್ಕೆ ಚಾಚಿತ್ತು, ಬೆರಳು ಬಿಚ್ಚಿದ್ದವು. ಯಾಕವ್ವಾ ಅಂದ. ಕೈ ಹಿಂದಕ್ಕೆ ಹೋಗಿ ಸೆರಗಿನೊಳಗೆ ಸೇರಿತು. ಹೋಗ್ಲಿ ಬಿಡಪ್ಪಾ, ಕಲ್ಲಿಗೇನು ಬರ. ಅವನು ನಗುತ್ತ ಚಿಲುಮಿ ಕೊಟ್ಟ, ಅವಳು ಅದನ್ನು ಬೆಳಕಿಗೆ ಹಿಡಿದು ಪಟ್ಟಿ ಇಲ್ಲದ ಕಣ್ಣಿನಿಂದ ಒಳಗೆ ನೋಡಿ, ಈಚಿಂದ ಆಚಿಗೆ ಕಾಣ್ತದಲ್ಲೋ ಅಂದು ತಾನೂ ನಕ್ಕಳು. ನಕ್ಕಳಲ್ಲ! ಚಿಲುಮಿ ಗೂಡಿನಲ್ಲಿ ಉಳಿಯಿತು, ಅವಳು ಮತ್ತೆ ಸೇದಲಿಲ್ಲ, ಊರಿಗೆ ಹೋಗುವಾಗ ಒಯ್ಯಲೂ ಇಲ್ಲ, ಅವನು ಲ್ಯಾಬಿನಲ್ಲಿ ಎಲ್ಲರ ಮುಂದೆ ಎದೆಯುಬ್ಬಿಸಿ ನಮ್ಮವ್ವಗ ತಂಬಾಕ ಬಿಡಿಸಿದೆ ನೋಡ್ರಿ ಅಂತ ಹೇಳಿಕೊಂಡು ತಿರುಗಿದ.

ನಿನ್ನೆ ಸಂಜೆ ಊರಲ್ಲಿ ದೌಲಪ್ಪಮಾಮ ತನ್ನ ಕಲ್ಲಿನ ಚಿಲುಮಿಗೆ ತಂಬಾಕು ತುಂಬುತ್ತ ಕೇಳಿದ, ಅಕ್ಕನ ಹರಳ ಎಲ್ಲದನೋ. ಯಾವ ಹರಳು ಮಾಮಾ. ಮುದುಕ ತುಂಬುತ್ತಿದ್ದ ಚಿಲುಮಿ ಕೆಳಗಿಟ್ಟ. ಅಂಬಣ್ಣ ಮಾವಗ ಮಣ್ಣಾಗ ಇಟ್ಟ ದಿವಸ, ಆ ಗುಡ್ಡಿ ಮ್ಯಾಲಿಂದ ಒಂದ್ ಹರಳ ಆರಿಸ್ಕೊಂಡಿದ್ಳು ನಿಮ್ಮವ್ವ, ಮೂವತ್ತಾರು ವರ್ಷ ಅದ ಹರಳ, ಚಿಲಿಮಿ ಒಡದ್ರ ಚಿಲಿಮಿ ಬದಲ್ಸ್ತಿದ್ಳು, ಹರಳ ಬದಲ್ಸ್ತಿದ್ದಿಲ್ಲ. ಅಪ್ಪ, ಅಂಬಣ್ಣ, ಬಾವಿ ತೋಡುವವನು, ಕಪಿಲನಿಗೆ ಐದು ವರ್ಷ, ನೆನಪಿರುವುದು ಒಂದು ಒರಟು ಅಂಗೈ ಮಾತ್ರ, ಗೋರಿ ರಸ್ತೆಯಂಚಿನ ಬೇವಿನ ಬುಡದಲ್ಲಿತ್ತಂತೆ, ರಸ್ತೆ ಅಗಲವಾಯಿತು, ಬೇವು ಹೋಯಿತು, ಗೋರಿ ಡಾಂಬರಿನ ಕೆಳಗೆಲ್ಲೋ. ಈ ಬಸ್ಸು ಈಗ ಅದರ ಮೇಲೆಯೇ ಹೋಗುತ್ತದೆ, ದಿನಾ ಹೋಗುತ್ತದೆ. ಉಳಿದಿದ್ದದ್ದು ಅದೊಂದೇ, ಕಡಲೆಕಾಳಿನಷ್ಟು ಗಂಡ, ಅವಳು ಬೆಳಿಗ್ಗೆ ಸಂಜೆ ಅದರ ಮೇಲಿಂದ ಉಸಿರು ಎಳೆದುಕೊಳ್ಳುತ್ತಿದ್ದಳು, ಅದನ್ನೇ ಇವನು ಕಾಲಬೆರಳಿನಿಂದ — ಇವತ್ತು ಮೊದಲ ಬಸ್ಸಿಗೆ ಕಲಬುರಗಿಗೆ ಹೋಗಿ ಬೀಗ ತೆಗೆದವನೇ ಜಾಲರಿ ಎತ್ತಿ ಮೊಣಕೈ ತನಕ ಕೈ ಹಾಕಿದ್ದ, ಹೆಂಡತಿ ತ್ರಿವೇಣಿಯ ಕೂದಲು, ಸೋಪಿನ ಜಿಗುಟು, ಒಂದು ಬಳೆಚೂರು. ಹರಳು ಎಲ್ಲಿ ಇರುತ್ತದೆ, ಎಂಟು ತಿಂಗಳ ನೀರು ಹರಿದಿದೆ. ಆಮೇಲೆ ಮೋಮಿನಪುರದಲ್ಲಿ ಲಾಲ್ ಅಹ್ಮದನ ಅಂಗಡಿಯಲ್ಲಿ ತಂಬಾಕು ಕೇಳಿದಾಗ, ಚಿಲಿಮಿದಾ? ಈಗ ಯಾರೂ ಕೇಳಂಗಿಲ್ರೀ, ಒಬ್ಬಾಕಿ ಅಮ್ಮಾ ಬರ್ತಿದ್ರು ಕಣ್ಣಿಗೆ ಪಟ್ಟಿ ಕಟ್ಟಿದವ್ರು, ಅಂದ, ಕಪಿಲ ಪೊಟ್ಟಣ ಜೇಬಿಗೆ ಹಾಕಿ ಬಸ್ಸಿಗೆ ಓಡಿದ. ಯಾಕೆ ಹೇಳಲಿಲ್ಲ ಅವ್ವಾ, ಅಲ್ಲೇ ಒಂದು ಏಟು ಹಾಕಬಾರದಿತ್ತೇ, ಎಲೋ ಅದು ನಿಮ್ಮಪ್ಪ ಅನ್ನಬಾರದಿತ್ತೇ. ಅನ್ನುತ್ತಾಳೆಯೇ ಅವಳು, ಮಗ ಖುಷಿಯಿಂದ ತಿಕ್ಕಿ ಬೆಳಗಿ ಕೊಟ್ಟಿದ್ದಾನೆ, ಅವನ ಮುಖ ಬಾಡುವುದು ಬೇಡ ಅಂತ ಕೈ ಹಿಂದಕ್ಕೆ ತೆಗೆದುಕೊಂಡಳು.

ಕಮಲಾಪುರ, ಇಳಿದ, ನಡೆದ, ಗೋರಿಯ ಹಸಿ ಮಣ್ಣಿನ ಮೇಲೆ ಹಾಲಿನ ಕಲೆ ಆಗಲೇ ಒಣಗುತ್ತಿದೆ, ಬುದ್ಧ ವಂದನೆ ಮುಗಿದಿದೆ, ಎಲೆಯ ಮೇಲೆ ಜೋಳದ ರೊಟ್ಟಿ, ಪುಂಡಿಪಲ್ಲೆ, ಎರಡು ಕೆಂಪು ಬಾಳೆಹಣ್ಣು, ತ್ರಿವೇಣಿ ಸರಿದು ಜಾಗ ಬಿಟ್ಟಳು. ಸಿಗಲಿಲ್ಲ ಮಾಮಾ. ದೌಲಪ್ಪ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ಅಲ್ಲೇ ಆರಿಸು ಅಂತ ಅವ್ವನ ಗುಡ್ಡೆಯ ಕಡೆ ಗದ್ದ ಎತ್ತಿದ. ಕಪಿಲ ಮಂಡಿಯೂರಿ ಮಣ್ಣು ಕೆದಕುತ್ತಾನೆ, ಒಂದು ಹರಳು ದೊಡ್ಡದು, ಚಿಲುಮಿಯ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ, ಒಂದು ಸಣ್ಣದು, ಸರ್ರನೆ ಜಾರಿ ಅಂಗೈಗೆ ಬೀಳುತ್ತದೆ, ಇನ್ನೊಂದು, ಮತ್ತೊಂದು, ಅವಳೂ ಹೀಗೇ ಕೂತಿದ್ದಳೇನು ಬೇವಿನ ಬುಡದಲ್ಲಿ, ಐದು ವರ್ಷದ ಇವನನ್ನು ಯಾರದೋ ಕಂಕುಳಿಗೆ ಕೊಟ್ಟು, ಎಷ್ಟು ಹೊತ್ತು ಆರಿಸಿದಳು, ಎಷ್ಟನೆಯದು ಕೂತಿತು. ಕೂತಿತು. ಅಲುಗಾಡಿಸಿದರೂ ಬೀಳಲಿಲ್ಲ. ತಂಬಾಕು ತುಂಬಿದ, ದೌಲಪ್ಪ ಕುಳ್ಳಿನ ಕೆಂಡ ಇಟ್ಟ, ಇವನು ಬಟ್ಟೆ ಒದ್ದೆ ಮಾಡಿ ಬುಡಕ್ಕೆ ಸುತ್ತಿ, ಜೀವಮಾನದಲ್ಲಿ ಮೊದಲ ಸಲ ಎಳೆದ, ಗಂಟಲು ಸುಟ್ಟು ಕಣ್ಣಲ್ಲಿ ನೀರು ಬಂದು ಕೆಮ್ಮು ತಡೆಯಲಾಗದೆ — ಅವಳದೇ ಕೆಮ್ಮು, ಅವಳದೇ ವಾಸನೆ, ಅವ್ವ ಪೂರ್ತಿ ಎದೆಯೊಳಗೆ ಬಂದು ನಿಂತಳು. ಕೊಡು, ಅಂದ ದೌಲಪ್ಪ, ಕೈ ಚಾಚಿ ಕೊಡು, ಕೆಳಗಿಡಬ್ಯಾಡ. ಕಪಿಲ ಚಿಲುಮಿ ಹಿಡಿದ ಕೈಯನ್ನು ಗೋರಿಯ ಮೇಲೆ ಚಾಚಿದ. ಹಿಡಿ ಯವ್ವಾ. ಹೊಗೆ ಎದ್ದಿತು, ತೆಳುವಾಯಿತು, ಕೈ ಸೋತಿತು, ಆದರೂ ಹಿಂದಕ್ಕೆ ತೆಗೆಯಲಾರ, ತೆಗೆದರೆ — ಹಿಡಿ ಯವ್ವಾ — ಆ ಕಡೆಯಿಂದ ಬಂದದ್ದು ಅದೊಂದೇ, ಬಚ್ಚಲ ಬಾಗಿಲಲ್ಲಿ ಅರ್ಧಕ್ಕೆ ಚಾಚಿದ ಕೈ, ಬಿಚ್ಚಿದ ಬೆರಳು, ಅರ್ಧಕ್ಕೇ ನಿಂತ ಆ ಕೈ