ಬಾಗಿಲಿಗೆ ಅಡ್ಡ ಇಟ್ಟ ವೈಸ್

ಗೇಟು, ಕಿಟಕಿ ಮಾಡುವ ಆ ಅಂಗಡಿಯ ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಎಂಟು ವರ್ಷದಿಂದ ತಡೆದಿದ್ದದ್ದು ಒಂದು ವೈಸ್. ತೂತು ಕೊರೆಯುವಾಗ ಕಬ್ಬಿಣದ ತುಂಡು ಅಲುಗದಂತೆ ಕಚ್ಚಿ ಹಿಡಿಯಲೆಂದೇ ಮಾಡಿದ ದವಡೆ ಅದು. ಈ ಅಂಗಡಿಯಲ್ಲಿ ಅದಕ್ಕೆ ಕಚ್ಚಲು ಏನೂ ಸಿಕ್ಕಿರಲಿಲ್ಲ. "ನನ್ನ ಕೈಯೇ ವೈಸ್" ಎನ್ನುತ್ತಿದ್ದ ಯಜಮಾನ.

ಮೂರು ತಿಂಗಳ ಹಿಂದೆ ಆ ಕೈಯ ಎರಡು ಬೆರಳು ಹೋದವು.

ಈಗ ಗೇಟಿನ ಪಟ್ಟಿಗಳಿಗೆ ತೂತು ಹಾಕಲು ನಿಂತವಳು ಅವನ ಹೆಂಡತಿ. ಅದೇ ಡ್ರಿಲ್ಲಿಂಗ್ ಮಷೀನು. ಗಂಡ ಮೂಲೆಯ ಸ್ಟೂಲಿನ ಮೇಲೆ ಕೂತು, ಬಲಗೈಯನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಪಾಠ ಹೇಳುತ್ತಿದ್ದ.

"ಗಟ್ಟಿಯಾಗಿ ಹಿಡ್ಕೊ. ಅಷ್ಟೇ ವಿದ್ಯೆ."

"ನೀವೂ ಗಟ್ಟಿಯಾಗೇ ಹಿಡಿದಿದ್ರಲ್ಲ?"

"ನನ್ನದು ಗ್ರಹಚಾರ. ಕೈ ಜಾರಿತು."

ಅವಳು ಹೊಸ ಗ್ಲೌಸು ಹಾಕಿಕೊಂಡಳು. ಹಿಂದಿನ ಜೊತೆಯನ್ನು ತಂದವಳೂ ಅವಳೇ. ಅದರಲ್ಲಿ ಎಡಗೈಯದು ಇನ್ನೂ ಮೊಳೆಗೆ ನೇತಾಡುತ್ತಿತ್ತು. ಬಲಗೈಯದನ್ನು ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದಿದ್ದರು.

ಮಷೀನು ಗುಂಯ್ ಅನ್ನುವಷ್ಟರಲ್ಲಿ ಯಾರೋ ಸ್ವಿಚ್ ಆರಿಸಿದರು. ಪಕ್ಕದಲ್ಲಿ ಕಬ್ಬಿಣ ಕಡೆಯುವ ಲೇತ್ ಅಂಗಡಿಯಾಕೆ. ಬೀದಿಗೆಲ್ಲ ಲೇತಕ್ಕ. ಎಣ್ಣೆ ಕೇಳಲು ಬಂದವಳು.

"ಏನಮ್ಮಾ, ನೆಂಟರ ಮನೆಗೆ ಹೊರಟಿದ್ದೀಯಾ? ಗ್ಲೌಸು, ಇಳಿಬಿಟ್ಟ ಜಡೆ, ಜೋಲುವ ತೋಳು."

"ಕೈಗೇನೂ ಆಗಬಾರ್ದು ಅಂತ ಗ್ಲೌಸು ಹಾಕ್ಕೊಂಡೆ, ಲೇತಕ್ಕ."

"ತೂತು ಕೊರೆಯೋ ಈ ಬಿಟ್‌ಗೆ ತಿರುಗುವಾಗ ಬಟ್ಟೆಯ ಒಂದು ಎಳೆ ಸಿಕ್ರೆ ಸಾಕು, ಸುತ್ಕೊಂಡು ಕೈ ಸಮೇತ ಎಳ್ಕೊಳುತ್ತೆ. ಬರಿಗೈಯಾದ್ರೆ ಗೀರಿ ಬಿಟ್ಟೀತು. ಗ್ಲೌಸು ಹಾಕಿದ ಕೈನ ಬಿಡಲ್ಲ."

ಅವಳು ಮೊಳೆಯ ಕಡೆ ನೋಡಿದಳು. ಆಮೇಲೆ ಗಂಡನ ಕಡೆ.

"ನಿಮ್ಮ ಕೈ ಗ್ಲೌಸಿಂದ ಹೋಯ್ತಾ?"

"ಜಾರಿತು ಅಂದೆನಲ್ಲ."

"ಹಾಕಬಾರ್ದು ಅಂತ ಗೊತ್ತಿತ್ತಾ?"

ಅವನು ನೆಲದ ಮೇಲಿನ ಕಬ್ಬಿಣದ ಸುರುಳಿಗಳನ್ನು ಕಾಲಿಂದ ಒಟ್ಟುಮಾಡಿದ. "ಕೆಲಸ ಕಲಿಸಿದ ಮೇಸ್ತ್ರಿ ಬಡ್ಕೊಳ್ತಿದ್ದ. ನೀನು ಅಷ್ಟು ಆಸೆಯಿಂದ ತಂದಿದ್ದೆ. ಒಂದಿನ ಹಾಕ್ಕೊಂಡ್ರೆ ಏನಾಗುತ್ತೆ ಅಂದ್ಕೊಂಡೆ."

ಅವಳು ಗ್ಲೌಸನ್ನು ಒಂದೊಂದೇ ಬೆರಳಿನಿಂದ ಬಿಡಿಸಿ ತೆಗೆದಳು, ಹತ್ತೂ ಇವೆಯೇ ಎಂದು ಎಣಿಸುವ ಹಾಗೆ.

ಲೇತಕ್ಕ ಸಮಾಧಾನ ಹೇಳುವ ಜಾಯಮಾನದವಳಲ್ಲ. ಬಾಗಿಲ ಬಳಿಯ ವೈಸನ್ನು ಕಾಲಲ್ಲಿ ತಟ್ಟಿದಳು. "ಒಂದು ಕಡೆ ನೀನು ಹಿಡಿ."

"ಕೈಯಲ್ಲೇ ಹಿಡಿದ್ರೆ ಬೇಗ ಆಗುತ್ತೆ," ಎಂದ ಗಂಡ, ಅಭ್ಯಾಸಬಲದಿಂದ.

"ಹೌದು. ನಿಂದು ಬೇಗನೇ ಆಯ್ತು."

ಇಬ್ಬರು ಹೆಂಗಸರೂ ವೈಸನ್ನು ಎತ್ತಿ ಮಷೀನಿನ ಮೇಜಿಗೆ ಬೋಲ್ಟ್ ಹಾಕಿ ಕೂರಿಸಿದರು. ತಡೆ ಇಲ್ಲದ ಬಾಗಿಲು ಢಬ್ ಎಂದಿತು. ಸ್ಟೂಲಿನ ಮೇಲೆ ಕೂತವನು ಬೆಚ್ಚಿಬಿದ್ದ.

ಹೆಂಡತಿ ಜಡೆಯನ್ನು ಗಂಟು ಕಟ್ಟಿ, ತೋಳು ಮೊಣಕೈ ಮೇಲೆ ಮಡಚಿ, ಕಣ್ಣಿಗೆ ಸುರಕ್ಷಾ ಕನ್ನಡಕ ಹಾಕಿಕೊಂಡಳು. ಲೇತಕ್ಕ ಹೇಳಿಕೊಟ್ಟಂತೆ ಪಟ್ಟಿಗೆ ಅಳತೆ ನೋಡಿ ಗೀಟು ಎಳೆದು, ಸೆಂಟರ್ ಪಂಚ್ ಎಂಬ ಚೂಪು ಉಳಿ ಇಟ್ಟು ಸುತ್ತಿಗೆಯಿಂದ ಒಂದು ಏಟು ಕೊಟ್ಟಳು. ಏಟಿಗೆ ಬಿದ್ದ ಆ ಗುಳಿ ಇದ್ದರೆ ಬಿಟ್ ಅಲೆಯುವುದಿಲ್ಲ. ಪಟ್ಟಿಯನ್ನು ವೈಸಿಗೆ ಬಿಗಿದಳು. ಮೊದಲು ಸಣ್ಣ ಬಿಟ್, ಅದೇ ತೂತಿಗೆ ಆಮೇಲೆ ದೊಡ್ಡದು. ದೊಡ್ಡ ಬಿಟ್‌ಗೆ ವೇಗ ಕಡಿಮೆ.

"ಚಕ್ ಕೀ," ಎಂದ ಗಂಡ ಮೆಲ್ಲಗೆ. ದೊಡ್ಡ ಬಿಟ್ ಬಿಗಿದ ಕೀ ಮಷೀನಿನಲ್ಲೇ ಉಳಿದಿತ್ತು. ಸ್ವಿಚ್ ಹಾಕಿದ್ದರೆ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅವಳು ತೆಗೆದಿಟ್ಟಳು.

"ಬಿಟ್ ಇನ್ನೇನು ಆಚೆ ಬಂತು ಅನ್ನುವಾಗ ಒತ್ತಬೇಡ, ಹಗುರ ಮಾಡು," ಎಂದ ಗಂಡ. " ಬಿಟ್ ಸಿಕ್ಕಿಹಾಕ್ಕೊಳೋದು ಅಲ್ಲೇ."

ತೂತು ಬಿತ್ತು. ಮಷೀನು ಪೂರ್ತಿ ನಿಂತ ಮೇಲೆ ಅವಳು ಬ್ರಷ್‌ನಿಂದ ಚೂರು ಗುಡಿಸಿದಳು. ಗಂಡ ಎದ್ದು ಬಂದು, ಅಡಗಿಸಿಟ್ಟಿದ್ದ ಕೈಯನ್ನು ಮೊದಲ ಸಲ ಹೊರಗೆ ತೆಗೆದು, ಉಳಿದ ಬೆರಳುಗಳಿಂದ ಅಂಚನ್ನು ಸವರಿದ.

"ಗೀಟಿನ ಮೇಲೇ ಇದೆ. ನನ್ನ ತೂತುಗಳು ಹತ್ತರಲ್ಲಿ ಮೂರು ಆಚೀಚೆ ಹೋಗ್ತಿದ್ವು."

ಆಮೇಲೆ ಮೊಳೆಯಿಂದ ಹಳೆಯ ಗ್ಲೌಸು ತೆಗೆದು, ನಾಲ್ಕು ಮಡಿಕೆ ಮಾಡಿ, ಬಾಗಿಲ ಕೆಳಗೆ ಒತ್ತಿದ. ಬಾಗಿಲು ನಿಂತಿತು.

ಇದನ್ನು ಓದುತ್ತಿರುವವರೇ, ನಿಮ್ಮ ಅಂಗಡಿಯ ವೈಸ್ ಈಗ ಎಲ್ಲಿದೆ? ಎದ್ದು ನೋಡಿ ಬನ್ನಿ. ಮನೆಯವರು ಪ್ರೀತಿಯಿಂದ ತಂದ ಗ್ಲೌಸನ್ನು ಕಬ್ಬಿಣ ಹೊರುವಾಗ ಹಾಕಿಕೊಳ್ಳಿ. ಬಿಟ್ ತಿರುಗುವಾಗ ಬೇಡ. ಬೇಡ ಅಂದರೆ ಅವರಿಗೆ ಬೇಸರವಾಗಬಹುದು. ಆಗಲಿ. ಸಂಜೆ ನಿಮ್ಮ ಕೈ ಹಿಡಿದು ನೋಡಿದಾಗ ಸರಿಹೋಗುತ್ತದೆ.